ಔಷಧ ಪ್ರಯೋಗಕ್ಕೆ ಹೆಸರು ಕೊಡುವ ಮುಂಚೆ ಕಾಗದದಲ್ಲಿ ಏನು ನೋಡಬೇಕು

ಓಪಿಡಿ ಚೀಟಿ ಮಾಡಿಸುವ ಕೌಂಟರಿನ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿರುತ್ತಾರೆ: ‘ಸಂಶೋಧನೆಗೆ ಸ್ವಯಂಸೇವಕರು ಬೇಕಾಗಿದ್ದಾರೆ. ಸಕ್ಕರೆ ಕಾಯಿಲೆ ಇರುವ 30ರಿಂದ 60 ವರ್ಷದವರು ಸಂಪರ್ಕಿಸಿ.’ ಮೈಸೂರು, ಮಂಡ್ಯದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ಓಡಾಡುವವರು ಇಂಥದ್ದನ್ನು ಕಂಡಿರುತ್ತೀರಿ. ಅದನ್ನು ಕಂಡವರ ಮಾತು ಎರಡೇ ಥರ. ‘ನಮ್ಮನ್ನ ಇಲಿ ಮಾಡ್ಕೋತಾರೆ, ಹೋಗ್ಬೇಡ’ ಅಂತ ಒಂದು. ‘ಬಿಟ್ಟಿ ಔಷಧಿ, ಬಿಟ್ಟಿ ಟೆಸ್ಟು, ಹೋಗಿ ಬಾ’ ಅಂತ ಇನ್ನೊಂದು. ಎರಡೂ ಕಾಗದ ಓದದೆ ಆಡುವ ಮಾತು. ಆ ಕಾಗದ ಕೈಗೆ ಬಂದಾಗ ಮೊದಲು ಹುಡುಕಬೇಕಾದ ಪದ ‘ಪ್ರಾಯೋಜಕರು’.

ಟೀವಿ ಕಾರ್ಯಕ್ರಮಕ್ಕೆ ಪ್ರಾಯೋಜಕರು ಅಂದರೆ ದುಡ್ಡು ಕೊಟ್ಟವರು, ಅಷ್ಟೆ. ಔಷಧ ಪ್ರಯೋಗದಲ್ಲಿ ಹಾಗಲ್ಲ. ಪ್ರಯೋಗ ಶುರುಮಾಡಿದವರು, ಅದನ್ನು ನಡೆಸುವ ಹೊಣೆ ಹೊತ್ತವರು, ಏನಾದರೂ ಹೆಚ್ಚುಕಮ್ಮಿಯಾದರೆ ಉತ್ತರ ಹೇಳಬೇಕಾದವರು ಅವರೇ. ಹೊಸ ಔಷಧವನ್ನು ಮಾರುಕಟ್ಟೆಗೆ ತರಲು ಹೊರಟ ಕಂಪನಿ ಪ್ರಾಯೋಜಕನಾದರೆ ಕೇಂದ್ರದ ಔಷಧ ನಿಯಂತ್ರಕರ ಅನುಮತಿ ಬೇಕೇ ಬೇಕು. ವಿಶ್ವವಿದ್ಯಾಲಯವೋ ಮೆಡಿಕಲ್ ಕಾಲೇಜೋ ಪ್ರಾಯೋಜಕನಾದಾಗ ದಾರಿ ಬೇರೆ. 2019ರ ‘ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮ’ಗಳಲ್ಲಿ ಇದಕ್ಕೆ ಅಕಾಡೆಮಿಕ್ ಟ್ರಯಲ್ ಅನ್ನುತ್ತಾರೆ. ಈಗಾಗಲೇ ಅನುಮತಿ ಪಡೆದ ಔಷಧವನ್ನು ಬೇರೆ ಕಾಯಿಲೆಗೆ, ಬೇರೆ ಪ್ರಮಾಣದಲ್ಲಿ ಅಥವಾ ಬೇರೆ ರೂಪದಲ್ಲಿ ಕೊಟ್ಟು ನೋಡುವ ಕೆಲಸ ಇದು. ಫಲಿತಾಂಶವನ್ನು ಮಾರಾಟದ ಪರವಾನಗಿಗೆ ಬಳಸದೆ ಜ್ಞಾನಕ್ಕಷ್ಟೇ ಬಳಸುವುದಾದರೆ ಔಷಧ ನಿಯಂತ್ರಕರ ಅನುಮತಿ ಬೇಡ, ಪ್ರಯೋಗಕ್ಕೆ ಸೇರುವವರ ಹಿತ ಕಾಯುವ ಸಮಿತಿಯಾದ ಎಥಿಕ್ಸ್ ಕಮಿಟಿ ಒಪ್ಪಿದರೆ ಸಾಕು.

ಇದರಲ್ಲಿ ಒಳ್ಳೆಯದೂ ಇದೆ, ಎಚ್ಚರವಹಿಸಬೇಕಾದದ್ದೂ ಇದೆ. ಔಷಧ ಆಗಲೇ ಅಂಗಡಿಯಲ್ಲಿ ಸಿಗುವಂಥದ್ದಾದ್ದರಿಂದ ಅದರ ಅಡ್ಡಪರಿಣಾಮ ಬಹುಪಾಲು ಗೊತ್ತಿರುತ್ತದೆ. ಆದರೆ ಕಾವಲಿಗೆ ಇರುವುದು ಎಥಿಕ್ಸ್ ಕಮಿಟಿಯೆಂಬ ಒಂದೇ ಬಾಗಿಲು, ಬೆನ್ನಿಗೆ ಕಂಪನಿಯ ಖಜಾನೆಯೂ ಇಲ್ಲ. ಹಾಗಾಗಿ ‘ತೊಂದರೆ ಆದ್ರೆ ಖರ್ಚು ಯಾರದು ಡಾಕ್ಟ್ರೇ, ಇನ್ಶೂರೆನ್ಸ್ ಮಾಡಿಸಿದ್ದೀರಾ?’ ಅಂತ ಬಾಯಿಬಿಟ್ಟು ಕೇಳಬೇಕು. ಇದು ಅಧಿಕಪ್ರಸಂಗವಲ್ಲ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದನ್ನೇ ಹೇಳುತ್ತದೆ: ಅಧ್ಯಾಪಕರೋ ವಿದ್ಯಾರ್ಥಿಗಳೋ ತಾವಾಗಿ ನಡೆಸುವ ಸಂಶೋಧನೆಯಲ್ಲಿ ಪರಿಹಾರದ ಹೊಣೆ ಆ ಸಂಸ್ಥೆಯದೇ. ನಿಮ್ಮ ಪ್ರಶ್ನೆಗೆ ಉತ್ತರ, ಪ್ರಯೋಗದ ವಿವರ ಬರೆದು ಕೊಡುವ ಮಾಹಿತಿ ಪತ್ರದಲ್ಲಿ ಬರಹದಲ್ಲಿರಬೇಕು. ‘ನಾವು ನೋಡ್ಕೋತೀವಿ ಬಿಡಿ’ ಅನ್ನುವ ಬಾಯಿಮಾತು ಸಾಲದು.

ಸಂಶೋಧನೆ ಅಂದಮಾತ್ರಕ್ಕೆ ಹೊಸ ಮಾತ್ರೆ ನುಂಗಿಸುತ್ತಾರೆ ಅಂದುಕೊಳ್ಳಬೇಡಿ. 2020ರಲ್ಲಿ ಕೋವಿಶೀಲ್ಡ್ ಲಸಿಕೆಯ ಪ್ರಯೋಗ ನಡೆದ ಕೇಂದ್ರಗಳಲ್ಲಿ ಮೈಸೂರಿನ ಜೆಎಸ್‌ಎಸ್ ಕೂಡ ಒಂದಾಗಿತ್ತು, ಅದು ದೊಡ್ಡ ಮಟ್ಟದ್ದು. ಅದೇ ಊರಿನ ಮಿಷನ್ ಆಸ್ಪತ್ರೆಯಲ್ಲಿ ಔಷಧವೇ ಇಲ್ಲದ ಸಂಶೋಧನೆ ನಡೆದಿದೆ. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ ಮಕ್ಕಳ ತೂಕ ಆಸ್ಪತ್ರೆಯ ದಾಖಲೆಯಲ್ಲಿತ್ತು. ದಶಕಗಳ ಮೇಲೆ ಅವರನ್ನೇ ಹುಡುಕಿ ಹೃದಯ ಪರೀಕ್ಷಿಸಿ, ಹುಟ್ಟಿದಾಗಿನ ತೂಕಕ್ಕೂ ಹೃದ್ರೋಗಕ್ಕೂ ಇರುವ ನಂಟನ್ನು ಬ್ರಿಟನ್ನಿನ ಸಂಶೋಧಕರೊಂದಿಗೆ ಸೇರಿ 1996ರಲ್ಲಿ ಪ್ರಕಟಿಸಿದರು. ಇಂಥದ್ದರಲ್ಲಿ ಅಳೆಯುತ್ತಾರೆ, ಕೇಳುತ್ತಾರೆ, ರಕ್ತ ತೆಗೆಯುತ್ತಾರೆ, ಹೊಸದೇನನ್ನೂ ಕೊಡುವುದಿಲ್ಲ. ಅಪಾಯದ ಲೆಕ್ಕವೇ ಬೇರೆ.

ಆಹಾರದ ಪ್ರಯೋಗಗಳೂ ಉಂಟು. ರಾಗಿ ಮುದ್ದೆ ತಿಂದರೆ ರಕ್ತದಲ್ಲಿ ಸಕ್ಕರೆ ಎಷ್ಟು ಬೇಗ ಏರುತ್ತದೆ ಅನ್ನುವುದನ್ನು ಅಳೆಯುವ ಕ್ರಮ ನೋಡಿ. ಕನಿಷ್ಠ 10 ಮಂದಿ ಬೇಕು. ರಾತ್ರಿ ಊಟವಾದ ಮೇಲೆ 10–12 ಗಂಟೆ ಉಪವಾಸವಿದ್ದು ಬೆಳಿಗ್ಗೆ ಬರಬೇಕು. ಜೀರ್ಣವಾಗುವ ಪಿಷ್ಟ 50 ಗ್ರಾಂ ಇರುವಷ್ಟು ಮುದ್ದೆ, ಅಂದರೆ ಸುಮಾರು 75 ಗ್ರಾಂ ಹಿಟ್ಟಿನದು, ಕೊಡುತ್ತಾರೆ. ಅದೂ ಬರೀ ಮುದ್ದೆ. ಸೊಪ್ಪಿನ ಸಾರು ಹಾಕಿದರೆ ಅದರ ಬೇಳೆ, ಎಣ್ಣೆ ಸಕ್ಕರೆ ಏರುವ ವೇಗವನ್ನೇ ಬದಲಿಸಿಬಿಡುತ್ತವೆ. ತಿನ್ನುವ ಮುಂಚೆ ಒಮ್ಮೆ, ಆಮೇಲೆ 15, 30, 45, 60, 90, 120ನೇ ನಿಮಿಷಕ್ಕೆ ಬೆರಳು ಚುಚ್ಚಿ ಒಂದೊಂದು ಹನಿ ರಕ್ತ ತೆಗೆಯುತ್ತಾರೆ. ಬೇರೆ ದಿನಗಳಲ್ಲಿ ಮುದ್ದೆಯ ಬದಲು 50 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಇದೇ ಏಳು ಚುಚ್ಚು. ನಮ್ಮ ಕಡೆ ಮುದ್ದೆ ನುಂಗುವವರೇ ಹೆಚ್ಚು, ಅಗಿದು ತಿನ್ನುವವರೂ ಇದ್ದಾರೆ. ಅಗಿದರೆ ಸಕ್ಕರೆ ಬೇಗ ಏರುವ ಸಂಭವವಿದೆ, ಆದ್ದರಿಂದ ಒಬ್ಬೊಬ್ಬರು ಒಂದೊಂದು ಥರ ತಿಂದರೆ ಲೆಕ್ಕ ಕೆಡುತ್ತದೆ. ಹೇಳಿದ ಹಾಗೆ ತಿನ್ನಬೇಕು ಅನ್ನುವುದು ಅದಕ್ಕೇ.

ಇನ್ನು ಪ್ರಯೋಗ ನಿಜವೋ ಸುಳ್ಳೋ ನೋಡುವುದು ಹೇಗೆ? ಭಾರತದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳಿಗೆ ಸಿಟಿಆರ್‌ಐ ಎಂಬ ಸಾರ್ವಜನಿಕ ನೋಂದಣಿ ಇದೆ. 2007ರಲ್ಲಿ ಶುರುವಾಯಿತು, 2009ರಿಂದ ಔಷಧ ಪ್ರಯೋಗಗಳಿಗೆ ಕಡ್ಡಾಯ. ಮೊಬೈಲಿನಲ್ಲೇ ತೆರೆದು ಸಂಖ್ಯೆಯನ್ನೋ ಕಾಯಿಲೆಯ ಹೆಸರನ್ನೋ ಹಾಕಿ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಪುಟ ಇಂಗ್ಲಿಷಿನಲ್ಲಿರುತ್ತದೆ, ಕಾಲೇಜಿಗೆ ಹೋಗುವ ಮಗಳನ್ನೋ ಅಣ್ಣನ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಂಖ್ಯೆಯಲ್ಲಿ ಸಿಟಿಆರ್‌ಐ ಆದಮೇಲೆ ವರ್ಷ, ತಿಂಗಳು, ಕೊನೆಗೆ ಕ್ರಮಾಂಕ ಇರುತ್ತದೆ. ಅಂದರೆ ಯಾವಾಗ ನೋಂದಾಯಿಸಿದರು ಅನ್ನುವುದು ಸಂಖ್ಯೆಯಲ್ಲೇ ಇದೆ. ಅದನ್ನು ಅದೇ ಪುಟದಲ್ಲಿರುವ ‘ಮೊದಲ ಸ್ವಯಂಸೇವಕರನ್ನು ಸೇರಿಸಿಕೊಂಡ ದಿನಾಂಕ’ದ ಜೊತೆ ಹೋಲಿಸಿ. ನೋಂದಣಿ ಮೊದಲು, ಸೇರ್ಪಡೆ ಆಮೇಲೆ ಇರಬೇಕು. 2018ರ ಏಪ್ರಿಲ್‌ನಿಂದ ಪ್ರಯೋಗ ಶುರುವಾದ ಮೇಲೆ ನೋಂದಾಯಿಸುವುದಕ್ಕೆ ಅವಕಾಶವೇ ಇಲ್ಲ. ಆಮೇಲೆ ಪ್ರಾಯೋಜಕರ ಹೆಸರು, ದುಡ್ಡಿನ ಮೂಲ, ನಿಮ್ಮೂರಿನ ಆಸ್ಪತ್ರೆಯ ಹೆಸರು, ಅಲ್ಲಿನ ಎಥಿಕ್ಸ್ ಕಮಿಟಿ ಒಪ್ಪಿದೆಯೋ ಇಲ್ಲವೋ, ಇಷ್ಟು ನೋಡಿದರೆ ಸಾಕು.

ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ 7 ಮಂದಿ ಇರಬೇಕು. ಅರ್ಧದಷ್ಟು ಸದಸ್ಯರು ಆ ಸಂಸ್ಥೆಗೆ ಸೇರದವರು, ಅಧ್ಯಕ್ಷರೂ ಹೊರಗಿನವರೇ. ಒಬ್ಬ ಮಹಿಳೆ, ಕಾನೂನು ಬಲ್ಲವರೊಬ್ಬರು, ವೈದ್ಯಕೀಯದ ಗಂಧವಿಲ್ಲದ ಸಾಮಾನ್ಯರೊಬ್ಬರು ಇರಲೇಬೇಕು. ಆ ಸಾಮಾನ್ಯರ ಜಾಗ ನಿಮ್ಮ ಪರವಾಗಿ ಇರುವುದು. ‘ಈ ಕನ್ನಡ ಯಾರಿಗೆ ಅರ್ಥವಾಗುತ್ತೆ?’ ಅಂತ ಕೇಳುವುದೇ ಅವರ ಕೆಲಸ. ಕಮಿಟಿಯ ಫೋನ್ ನಂಬರು ಮಾಹಿತಿ ಪತ್ರದ ಕೊನೆಯಲ್ಲಿ ಇರುತ್ತದೆ.

ಮಾಹಿತಿ ಪತ್ರ ಮತ್ತು ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಮನೆಗೆ ತಗೊಂಡು ಹೋಗಿ ಓದಿ, ನಾಳೆ ಬರುತ್ತೇನೆ ಅನ್ನಿ. ‘ಇವತ್ತೇ ಸೈನ್ ಹಾಕಿ’ ಅಂತ ಅವಸರ ಮಾಡಿದರೆ, ತುರ್ತು ಚಿಕಿತ್ಸೆಯ ಪ್ರಯೋಗ ಅಲ್ಲದಿದ್ದರೆ, ಅಲ್ಲಿಗೆ ನಿಲ್ಲಿಸಿಬಿಡುವುದೇ ವಾಸಿ. ಒಪ್ಪಿಗೆ ಪತ್ರದಲ್ಲಿ ಒಂದು ಕಾಲಂ ಜನರನ್ನು ಬೆಚ್ಚಿಬೀಳಿಸುತ್ತದೆ: ನಾಮಿನಿಯ ಹೆಸರು, ನಿಮಗೂ ಅವರಿಗೂ ಸಂಬಂಧ, ನಿಮ್ಮ ವಾರ್ಷಿಕ ಆದಾಯ. ‘ಸತ್ತೋದ್ರೆ ಅಂತ ಈಗಲೇ ಬರೆಸ್ಕೋತಾರಲ್ಲ’ ಅಂತ ಎಷ್ಟೋ ಮಂದಿ ಎದ್ದು ಹೋಗುತ್ತಾರೆ. ಆದರೆ ಆ ಕಾಲಂ ಇರುವುದು ಪರಿಹಾರ ನಿಮ್ಮ ಮನೆಯವರ ಕೈಸೇರಲಿ ಅಂತ. ಖಾಲಿ ಬಿಟ್ಟರೆ ಕಷ್ಟ ನಿಮ್ಮವರಿಗೇ. ಓದು ಬರಹ ಬಾರದವರು ಹೆಬ್ಬೆಟ್ಟು ಒತ್ತುವಾಗ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಮೊದಲಿಂದ ಕೊನೆಯವರೆಗೂ ಕೂತಿದ್ದು ಸಹಿ ಹಾಕಬೇಕು. ಪ್ರಯೋಗದ ತಂಡದ ನರ್ಸಮ್ಮನನ್ನು ಕರೆದು ಸಹಿ ಹಾಕಿಸಿದರೆ ಅದು ಸಾಕ್ಷಿಯಲ್ಲ. ಸಹಿಯಾದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಲೇಬೇಕು.

ಪ್ಲಸೀಬೊ ಅಂದರೆ ನೋಡಲು ಅದೇ ಮಾತ್ರೆ, ಒಳಗೆ ಔಷಧವಿಲ್ಲ. ಯಾರಿಗೆ ಯಾವುದು ಅನ್ನುವುದು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನಿಸುತ್ತದೆ, ಎಷ್ಟೋ ಸಲ ಡಾಕ್ಟರಿಗೂ ಗೊತ್ತಿರುವುದಿಲ್ಲ. ಪರಿಚಯದವರಿಂದ ಹೇಳಿಸಿ ‘ಒಳ್ಳೇ ಮಾತ್ರೆ’ ಹಾಕಿಸಿಕೊಳ್ಳಲು ಆಗದು. ನಿಮ್ಮ ಕಾಯಿಲೆಗೆ ಚಿಕಿತ್ಸೆ ಇದ್ದರೆ ಅದನ್ನು ನಿಲ್ಲಿಸಿ ಬರೀ ಪ್ಲಸೀಬೊ ಕೊಡುತ್ತಾರೋ, ಅದರ ಜೊತೆಗೇ ಕೊಡುತ್ತಾರೋ ಅಂತ ಕೇಳಿಕೊಳ್ಳಿ. ತುರ್ತಿನಲ್ಲಿ ಯಾವುದು ಕೊಟ್ಟಿದ್ದರು ಅಂತ ತೆರೆದು ನೋಡುವ ವ್ಯವಸ್ಥೆ ಇರುತ್ತದೆ.

ಹೆಚ್ಚು ಕೆಡುವುದು ಸ್ಕ್ರೀನಿಂಗ್ ದಿನ, ಅಂದರೆ ನೀವು ಪ್ರಯೋಗಕ್ಕೆ ಆಗುತ್ತೀರೋ ಅಂತ ಪರೀಕ್ಷಿಸುವ ದಿನ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿರುತ್ತಾರೆ. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ‘ಏನೂ ತಿಂದಿಲ್ಲ ಸಾರ್’ ಅನ್ನುತ್ತಾರೆ. ಕಾಫಿಯ ಹಾಲು, ಸಕ್ಕರೆ ಸಾಕು, ಫಲಿತಾಂಶ ಕೆಡುತ್ತದೆ. ನೀರು ಕುಡಿಯಬಹುದು, ಕುಡಿದರೆ ನರ ಚೆನ್ನಾಗಿ ಸಿಗುತ್ತದೆ. ಬೂದು ಮುಚ್ಚಳದ ಟ್ಯೂಬಿಗೆ ಸಕ್ಕರೆ ನೋಡುವ ರಕ್ತ, ನೇರಳೆ ಮುಚ್ಚಳದ್ದಕ್ಕೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ರಕ್ತ ಹೋಗುತ್ತದೆ. ಈ ಎರಡನೆಯದಕ್ಕೆ ಉಪವಾಸವೇ ಬೇಕಿಲ್ಲ. ‘ಬಾಟ್ಲಿ ರಕ್ತ ತೆಗೀತಾರೆ’ ಅನ್ನುವವರಿಗೆ ಒಂದು ಮಾತು: 5 ಎಂಎಲ್ ಅಂದರೆ ಒಂದು ಟೀ ಚಮಚ. ಒಟ್ಟು ಎಷ್ಟು ಸಲ, ಎಷ್ಟೆಷ್ಟು ಅಂತ ಪತ್ರದಲ್ಲಿ ಬರೆದಿರುತ್ತದೆ, ಕೂಡಿ ನೋಡಿ.

ಎರಡನೆಯ ತಪ್ಪು ಮುಚ್ಚಿಡುವುದು. ಬಿಪಿ ಮಾತ್ರೆ ಹೇಳುತ್ತಾರೆ, ನಾಟಿ ವೈದ್ಯರು ಕೊಟ್ಟ ಕಷಾಯ, ಮಂಡಿ ನೋವಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆ ಹೇಳುವುದಿಲ್ಲ. ‘ಅದೇನು ಔಷಧಿನಾ’ ಅಂದುಕೊಳ್ಳುತ್ತಾರೆ. ಕಿಡ್ನಿ, ಲಿವರ್ ಮೇಲೆ ಪ್ರಯೋಗದ ಔಷಧವೂ ಇವೂ ಒಟ್ಟಿಗೆ ಬಿದ್ದರೆ ಪೆಟ್ಟು ಯಾವುದರದು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಪರಿಹಾರದ ಮಾತೂ ಅಲ್ಲಿಗೇ ಸಿಕ್ಕಿಹಾಕಿಕೊಳ್ಳುತ್ತದೆ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಪೊಟ್ಟಣ, ಸೀಸೆಗಳನ್ನು ಒಂದು ಕವರಿಗೆ ಹಾಕಿಕೊಂಡು ಹೋಗಿ. ‘ನೀವು ಈ ಪ್ರಯೋಗಕ್ಕೆ ಆಗಲ್ಲ’ ಅಂದರೆ ಬೇಸರ ಬೇಡ, ಆ ನಿಯಮ ಇರುವುದು ನಿಮ್ಮ ಮೈ ಕಾಯಲು.

ಸೇರಿದ ಮೇಲೆ ಖಾಲಿ ಸ್ಟ್ರಿಪ್ ಬಿಸಾಡಬೇಡಿ. ಪ್ರತಿ ಭೇಟಿಗೂ ಉಳಿದ ಮಾತ್ರೆ ಎಣಿಸುತ್ತಾರೆ. ಮರೆತಿದ್ದರೆ ಮರೆತೆ ಅನ್ನಿ. ಎಣಿಕೆ ಸರಿಮಾಡಲು ಮೋರಿಗೆ ಸುರಿದರೆ ಔಷಧಕ್ಕೆ ಗುಣವಿಲ್ಲ ಅನ್ನುವ ತಪ್ಪು ತೀರ್ಮಾನಕ್ಕೆ ನೀವೂ ಕಾರಣರಾಗುತ್ತೀರಿ. ‘ನಂಗೆ ವಾಸಿಯಾಯ್ತು, ನೀನೂ ತಗೋ’ ಅಂತ ಓರಗಿತ್ತಿಗೆ ಕೊಡುವುದಂತೂ ಕೂಡದು. ಭೇಟಿಗೆ ಹಿಂದೆ ಮುಂದೆ ಕೆಲವು ದಿನಗಳ ಅವಕಾಶ ಇರುತ್ತದೆ. ಕಬ್ಬು ಕಡಿಯುವ ಕಾಲ, ದಸರಾ ಜನಜಂಗುಳಿ ನೋಡಿಕೊಂಡು ಮೊದಲೇ ದಿನ ಗೊತ್ತುಮಾಡಿಕೊಳ್ಳಿ. ಬಸ್ ಚಾರ್ಜು, ಹೋದ ದಿನಗೂಲಿ ಕೊಡಲು ಐಸಿಎಂಆರ್ ಒಪ್ಪುತ್ತದೆ. ಆಸೆ ಹುಟ್ಟಿಸುವಷ್ಟು ದುಡ್ಡು ಕೊಡುತ್ತೇವೆ ಅಂದರೆ ಮಾತ್ರ ಅನುಮಾನ ಪಡಿ.

ತೊಂದರೆ ಕಂಡರೆ ಮೊದಲ ಫೋನು ಪ್ರಯೋಗದ ಡಾಕ್ಟರಿಗೆ. ಆಸ್ಪತ್ರೆಗೆ ಸೇರುವಂಥ ಗಂಭೀರ ತೊಂದರೆಯಾದರೆ ಅವರು ಅದು ಆದ 24 ಗಂಟೆಯೊಳಗೆ ಎಥಿಕ್ಸ್ ಕಮಿಟಿಗೂ ಪ್ರಾಯೋಜಕರಿಗೂ ವರದಿ ಮಾಡಬೇಕು, ಔಷಧ ನಿಯಂತ್ರಕರ ಅನುಮತಿಯಿಂದ ನಡೆಯುವ ಪ್ರಯೋಗದಲ್ಲಿ ಅವರಿಗೂ. ನೀವು ಹೇಳದಿದ್ದರೆ ಅವರಿಗೆ ಗೊತ್ತಾಗುವುದೇ ಇಲ್ಲ. ರಾತ್ರೋರಾತ್ರಿ ಹತ್ತಿರದ ನರ್ಸಿಂಗ್ ಹೋಮಿಗೆ ಹೋಗಬೇಕಾದರೂ ಪ್ರಯೋಗದವರು ಕೊಟ್ಟ ಕಾರ್ಡು ತೋರಿಸಿ, ಬಿಲ್ಲು, ಡಿಸ್ಚಾರ್ಜ್ ಸಮರಿ ಜೋಪಾನವಾಗಿಡಿ. ನಿಯಮದ ಪ್ರಕಾರ, ಪ್ರಯೋಗದಿಂದಾದ ತೊಂದರೆಯಲ್ಲ ಅಂತ ಸಾಬೀತಾಗುವವರೆಗೂ ಚಿಕಿತ್ಸೆ ಉಚಿತ.

ಬೇಡ ಅನ್ನಿಸಿದರೆ ಯಾವತ್ತು ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಿಲ್ಲ, ಆಸ್ಪತ್ರೆಯ ಮಾಮೂಲಿ ಚಿಕಿತ್ಸೆ ತಪ್ಪಿಸುವಂತಿಲ್ಲ. ಆದರೆ ಹೇಳದೆ ನಿಲ್ಲಿಸಬೇಡಿ: ಸ್ಟೀರಾಯ್ಡ್, ಕೆಲವು ಬಿಪಿ ಮಾತ್ರೆಗಳನ್ನು ತಟಕ್ಕನೆ ಬಿಟ್ಟರೆ ಅಪಾಯ, ಹಂತಹಂತವಾಗಿ ಇಳಿಸಬೇಕು. ಹಾಗೆ ಹೊರಬರುವ ದಿನವೂ ಉಳಿದ ಮಾತ್ರೆ ವಾಪಸು ಕೊಟ್ಟು, ಕೊಟ್ಟದ್ದಕ್ಕೆ ಬರೆಸಿಕೊಂಡು ಬನ್ನಿ.