ಗೊಬ್ಬರಗುಂಡಿಯ ಜಿರಳೆ: ಸುರಿನಾಮೆನ್ಸಿಸ್ಸೋ, ಇಂಡಿಕಸ್ಸೋ?

ಉಡುಪಿ ಸುತ್ತಲಿನ ತೋಟಗಳ ಕೀಟ ಸಂಗ್ರಹಕ್ಕೆ ಲೇಬಲ್ ಬರೆಯುವ ಕೆಲಸ ಈಗ ಜಿರಳೆಗಳಿಗೆ ಬಂದಿದೆ. ಮನೆಯೊಳಗಿನವು ಬೇಗ ಮುಗಿದವು. ದೊಡ್ಡ ಕೆಂಗಂದು ಜಿರಳೆ ಪೆರಿಪ್ಲಾನೆಟಾ ಅಮೆರಿಕಾನಾ (ಲಿನ್ನೇಯಸ್, 1758); ಅಡುಗೆಮನೆಯ ಸಣ್ಣದು ಬ್ಲಾಟೆಲ್ಲಾ ಜರ್ಮಾನಿಕಾ (ಲಿನ್ನೇಯಸ್, 1767). ಮೊದಲು ವಿವರಿಸಿದ ಲಿನ್ನೇಯಸ್ ಎರಡನ್ನೂ ಬ್ಲಾಟಾ ಕುಲದಲ್ಲಿಟ್ಟಿದ್ದ. ಬರ್ಮೈಸ್ಟರ್ 1838ರಲ್ಲಿ, ಕಾಡೆಲ್ 1903ರಲ್ಲಿ ಹೆಸರಿಸಿದ ಕುಲಗಳಿಗೆ ಇವು ಹೋದವು. ಅದಕ್ಕೇ ಲಿನ್ನೇಯಸ್‌ನ ಹೆಸರಿಗೆ ಆವರಣ. ಬ್ಲಾಟಾದಲ್ಲೇ ಉಳಿದ ಬ್ಲಾಟಾ ಓರಿಯೆಂಟಾಲಿಸ್‌ಗೆ ಆವರಣವಿಲ್ಲ. ಒಳಗಿನ ವರ್ಷ ಮೊದಲ ವಿವರಣೆಯದು, ಕುಲ ಬದಲಾದದ್ದಲ್ಲ. ಲೇಬಲ್‌ಗಳಲ್ಲಿ ಹೆಚ್ಚು ತಪ್ಪುವುದು ಇಲ್ಲೇ.

ಕೆಲಸ ನಿಂತಿರುವುದು ಹಟ್ಟಿಗೊಬ್ಬರದಲ್ಲಿ, ಕೊಳೆತ ತೆಂಗಿನ ಸಿಪ್ಪೆಯಡಿ ಸಿಗುವ ಜಿರಳೆಯಲ್ಲಿ. ಉದ್ದ ಸುಮಾರು 2 ಸೆಂ.ಮೀ., ತಲೆ ಮುಚ್ಚುವ ಫಲಕ ಕಪ್ಪು, ಅದರ ಮುಂದಿನ ಅಂಚಿಗೆ ತಿಳಿ ಗೆರೆ, ರೆಕ್ಕೆ ಹೊಳೆಯುವ ಕಂದು. ಮರಿಗಳ ಬೆನ್ನು ಮುಂದೆ ನುಣುಪು, ಹಿಂದಿನ ತುದಿ ಒರಟು, ಮಂಕು. ಕುಲ ಪಿಕ್ನೊಸ್ಕೆಲಸ್, ಸ್ಕಡರ್, 1862. ಇಷ್ಟರವರೆಗೆ ಅನುಮಾನವಿಲ್ಲ. ಪ್ರಭೇದ ಸುರಿನಾಮೆನ್ಸಿಸ್ಸೋ, ಇಂಡಿಕಸ್ಸೋ ಎಂಬುದೇ ಪ್ರಶ್ನೆ.

ಹಳೆಯ ಬರಹಗಳಲ್ಲಿ ಇದೇ ಕೀಟ ಪಾಂಕ್ಲೋರಾ ಸುರಿನಾಮೆನ್ಸಿಸ್, ಲ್ಯೂಕೋಫಿಯಾ ಸುರಿನಾಮೆನ್ಸಿಸ್ ಎಂದೂ ಸಿಗುತ್ತದೆ. ಮೂರೂ ಕುಲದ ಹೆಸರು ಹಾಕಿ ಹುಡುಕದಿದ್ದರೆ ಅರ್ಧ ಸಾಹಿತ್ಯ ಕೈತಪ್ಪುತ್ತದೆ. ಮೂಲ ಹೆಸರು ಬ್ಲಾಟಾ ಸುರಿನಾಮೆನ್ಸಿಸ್. ಇರುವುದು ಲಿನ್ನೇಯಸ್‌ನ ಸಿಸ್ಟಮಾ ನ್ಯಾಚುರೇ ಗ್ರಂಥದ 10ನೇ ಆವೃತ್ತಿಯಲ್ಲಿ. ಹಳೆಯ ಜೀವಶಾಸ್ತ್ರ ಗ್ರಂಥಗಳ ಆನ್‌ಲೈನ್ ಸಂಗ್ರಹವಾದ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಸ್ಕ್ಯಾನ್‌ನಲ್ಲಿ ಪೂರ್ತಿ ಹೆಸರು ಟೈಪ್ ಮಾಡಿ ಹುಡುಕಿದರೆ ಪ್ರಯೋಜನವಿಲ್ಲ. ಕುಲದ ಹೆಸರು ಶೀರ್ಷಿಕೆಯಲ್ಲಿ, ಪ್ರಭೇದದ ಹೆಸರು ಬೇರೆಯೇ ಜಾಗದಲ್ಲಿ. ಮೇಲಾಗಿ ಆ ಕಾಲದ ಉದ್ದ 'ಎಸ್' ಅಕ್ಷರವನ್ನು ಕಂಪ್ಯೂಟರ್ 'ಎಫ್' ಎಂದು ಓದಿಕೊಳ್ಳುತ್ತದೆ. ನೇರವಾಗಿ 424ನೇ ಪುಟ ತೆರೆಯುವುದೇ ಸಲೀಸು. ಆ ಆವೃತ್ತಿಯಲ್ಲಿ ಬ್ಲಾಟಾ ಇರುವುದು ದುಂಬಿಗಳ ಗಣದಲ್ಲಿ. ಬೇರೆ ಗಣಗಳಲ್ಲಿ ಹುಡುಕಿದವರಿಗೆ ಸಿಗದು.

ಹಾಗಾದರೆ ಸುರಿನಾಮೆನ್ಸಿಸ್ ಎಂದು ಬರೆದು ಮುಗಿಸಬಹುದಿತ್ತಲ್ಲ? ಇಲ್ಲ. 1967ರಲ್ಲಿ ಜಿರಳೆ ತಜ್ಞ ಲೂಯಿಸ್ ರಾತ್ ಒಂದೇ ಹೆಸರಿನಡಿ ಇದ್ದ ಎರಡು ಬಗೆಗಳನ್ನು ಬೇರ್ಪಡಿಸಿದರು. ಗಂಡಿಲ್ಲದೆ ಹೆಣ್ಣೇ ಹೆಣ್ಣುಮರಿ ಹಾಕುವ ಬಗೆ ಸುರಿನಾಮೆನ್ಸಿಸ್. ಗಂಡು ಹೆಣ್ಣು ಕೂಡಿ ಮರಿಯಾಗುವ ಬಗೆಗೆ ಫ್ಯಾಬ್ರಿಸಿಯಸ್ 1775ರಲ್ಲಿ ಕೊಟ್ಟಿದ್ದ ಬ್ಲಾಟಾ ಇಂಡಿಕಾ ಎಂಬ ಹೆಸರು ಅನ್ವಯಿಸಿತು. ಬ್ಲಾಟಾ ಲ್ಯಾಟಿನ್‌ನಲ್ಲಿ ಸ್ತ್ರೀಲಿಂಗ, ಪಿಕ್ನೊಸ್ಕೆಲಸ್ ಪುಲ್ಲಿಂಗ. ನಾಮಕರಣ ಸಂಹಿತೆಯ ಪ್ರಕಾರ ವಿಶೇಷಣ ಲಿಂಗಕ್ಕೆ ಹೊಂದಬೇಕಾದ್ದರಿಂದ ಇಂಡಿಕಾ ಹೋಗಿ ಇಂಡಿಕಸ್. 'ಎನ್ಸಿಸ್' ಎಂದು ಮುಗಿಯುವವು ಎರಡೂ ಲಿಂಗದಲ್ಲಿ ಒಂದೇ, ಹಾಗಾಗಿ ಸುರಿನಾಮೆನ್ಸಿಸ್ ಬದಲಾಗಲಿಲ್ಲ.

ಪಿನ್ನಿಗೆ ಚುಚ್ಚಿದ ಹೆಣ್ಣೊಂದನ್ನೇ ನೋಡಿ ಪ್ರಭೇದ ಬರೆಯುವುದು ಸರಿಯಲ್ಲ. ಒಂದೇ ಜಾಗದಲ್ಲಿ ಗಂಡುಗಳು ಹೇರಳವಾಗಿ ಸಿಕ್ಕರೆ ಇಂಡಿಕಸ್. ಅಪರೂಪಕ್ಕೆ ಒಂದು ಗಂಡು ಸಿಕ್ಕಿದ್ದು ಸಾಕ್ಷಿಯಾಗದು, ಸುರಿನಾಮೆನ್ಸಿಸ್‌ನಲ್ಲೂ ವಿರಳವಾಗಿ ಗಂಡು ಹುಟ್ಟುವುದುಂಟು. ಬರೀ ಹೆಣ್ಣೇ ಸಿಕ್ಕರೆ ಮರಿ ಸಾಕಬೇಕು.

ಡಬ್ಬಿಗೊಂದೇ ಮರಿ, ಅದೂ ರೆಕ್ಕೆ ಬರುವ ಮೊದಲಿನದು. ರೆಕ್ಕೆ ಬಂದ ಹೆಣ್ಣು ಮೊದಲೇ ಕೂಡಿದ್ದರೆ ವೀರ್ಯ ಒಳಗೆ ಉಳಿದಿರುತ್ತದೆ, ಆಗ ಅದು ಹಾಕಿದ ಮರಿ ಏನನ್ನೂ ಹೇಳುವುದಿಲ್ಲ. ಡಬ್ಬಿಯಲ್ಲಿ 5 ಸೆಂ.ಮೀ. ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು. ಹಿಂಡಿದರೆ ಉಂಡೆಯಾಗಬೇಕು, ನೀರು ಇಳಿಯಬಾರದು. ಆಹಾರ ಬಾಟಲಿ ಮುಚ್ಚಳದ ಮೇಲೆಯೇ ಇರಲಿ: ಆಟಿ ತಿಂಗಳ ತೇವದಲ್ಲಿ ಮಣ್ಣಿಗೆ ಬಿದ್ದ ಬಿಸ್ಕತ್ತು ಬೂಸ್ಟು ಹಿಡಿಯುತ್ತದೆ, ಹಿಂದೆಯೇ ನುಸಿ. ಮೊಟ್ಟೆಚೀಲ ಹೊರಗೆ ಕಾಣುತ್ತದೆಂದು ಕಾಯಬೇಡಿ, ಹೆಣ್ಣು ಅದನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಮರಿಗಳನ್ನೇ ಹೊರಬಿಡುತ್ತದೆ.

ಒಂಟಿಯಾಗಿ ಬೆಳೆದ ಹೆಣ್ಣು ಮರಿ ಹಾಕಿ, ಆ ಮರಿಗಳೆಲ್ಲ ಹೆಣ್ಣೇ ಆದರೆ ಪಿಕ್ನೊಸ್ಕೆಲಸ್ ಸುರಿನಾಮೆನ್ಸಿಸ್ (ಲಿನ್ನೇಯಸ್, 1758) ಎಂದು ಬರೆಯಲು ಅಡ್ಡಿಯಿಲ್ಲ. ಡಬ್ಬಿಗಳಲ್ಲಿರುವುದು ಇನ್ನೂ ಮರಿಗಳೇ. ಬೆಳೆಯಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಪೆಟ್ಟಿಗೆಯ ಲೇಬಲ್‌ನಲ್ಲಿ ಕುಲದ ಹೆಸರಷ್ಟೇ, ಅದೂ ಪೆನ್ಸಿಲಿನಲ್ಲಿ.