ಫಿಲ್ಟರ್ ಯಾರಿಗೆ?

ಬೆಳಿಗ್ಗೆ ಬೇಕರಿ ಮುಂದೆ ಒಬ್ಬರು. ಸೊಂಟದ ಮೇಲೆ ಮಗು, ಇನ್ನೊಂದು ಕೈಯಲ್ಲಿ ಸಿಗರೇಟು. ಮಗುವಿಗೆ ಹೊಗೆ ತಾಗಬಾರದು ಅಂತ ಆ ಕೈಯನ್ನು ಆದಷ್ಟು ದೂರ ಚಾಚಿಕೊಂಡಿದ್ದರು. ಪಾಪ, ಪ್ರೀತಿಗೇನೂ ಕಮ್ಮಿ ಇಲ್ಲ. ಗಾಳಿ ಮಾತ್ರ ಮಗುವಿನ ಕಡೆಗೇ ಬೀಸುತ್ತಿತ್ತು.

ಸೇದುವವರಿಗೆ ಫಿಲ್ಟರ್ ಆದರೂ ಇದೆ (ಅದೂ ಹೆಸರಿಗಷ್ಟೆ). ಉರಿಯುವ ತುದಿಯಿಂದ ಏಳುವ ಹೊಗೆಗೆ ಅದೂ ಇಲ್ಲ. ನೇರ ಪಕ್ಕದವರ ಮೂಗಿಗೆ. ಅದರಲ್ಲಿ ಕ್ಯಾನ್ಸರ್ ತರುವ ರಾಸಾಯನಿಕಗಳೇ ಸುಮಾರು 70. ಮಕ್ಕಳ ಉಬ್ಬಸ, ಕಿವಿ ಸೋಂಕು ಜಾಸ್ತಿಯಾಗುವುದಕ್ಕೆ ಇದೂ ಒಂದು ಕಾರಣ.

ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅಂತ 2008ರ ಅಕ್ಟೋಬರ್ 2ರಿಂದ ದೇಶಕ್ಕೆಲ್ಲ ನಿಯಮ ಇದೆ. ಬೇಕರಿ ಮುಂದೆ ನಿಂತು ಹೇಳಿ ನೋಡಿ!

ಬಾಲ್ಕನಿಗೆ ಹೋಗಿ ಸೇದುವವರು ಇಲ್ಲೂ ಇದ್ದೀರಲ್ವಾ? ನೀವು ಬಾಗಿಲು ಹಾಕಿಕೊಂಡರೂ ಹೊಗೆ ಮೇಲಿನ ಮನೆಯ ಕಿಟಕಿಗೆ ಬರುತ್ತೆ. ಆ ಮೇಲಿನ ಮನೆಯವರು ನಾವೇ ಸ್ವಾಮಿ.