38 ರೂಪಾಯಿ ಸೆಂಟ್ರಿಂಗು, 58 ರೂಪಾಯಿ ಸೆಂಟ್ರಿಂಗು

ತುಮಕೂರಲ್ಲಿ ನಮ್ಮ 30-40 ಸೈಟಲ್ಲಿ ಮನೆ ಕಟ್ಸೋಕೆ ಶುರು ಮಾಡಿದಾಗ ಸಿಮೆಂಟು, ಕಬ್ಬಿಣ, ಎಂ ಸ್ಯಾಂಡು ಎಲ್ಲದರ ರೇಟನ್ನೂ ಹತ್ತು ಕಡೆ ಕೇಳ್ಕೊಂಡು ಬಂದಿದ್ದೆ. ಸೆಂಟ್ರಿಂಗ್, ಅಂದ್ರೆ ಕಾಂಕ್ರೀಟ್ ಗಟ್ಟಿಯಾಗೋವರೆಗೆ ಕೆಳಗಿಂದ ಹೊತ್ತು ನಿಲ್ಲೋ ಶೀಟು, ಕಂಬದ ಅಟ್ಟ, ಅದರ ಬಗ್ಗೆ ಮಾತ್ರ ತಲೆನೇ ಕೆಡಿಸ್ಕೊಂಡಿರ್ಲಿಲ್ಲ. ಹದಿನೈದು ದಿನ ಇದ್ದು ಬಿಚ್ಕೊಂಡು ಹೋಗೋ ಸಾಮಾನಲ್ವಾ, ಅದರಲ್ಲಿ ಏನಿದೆ ಅಂತ. ಈಗ ಎರಡು ಮೋಲ್ಡ್ (ತಾರಸಿ ಕಾಂಕ್ರೀಟು) ಹಾಕ್ಸಿ ಆದ್ಮೇಲೆ ಯಾರಾದ್ರೂ ಮನೆ ಕಟ್ತೀನಿ ಅಂದ್ರೆ ನಾನು ಮೊದಲು ಕೇಳೋದೇ ಸೆಂಟ್ರಿಂಗ್ ಯಾರ್ದು, ಏನು ಹಾಕ್ತಾರೆ ಅಂತ.

ನಮ್ದು 9 ಚದರದ, ಅಂದ್ರೆ 900 ಸ್ಕ್ವೇರ್ ಫೀಟಿನ ಮೋಲ್ಡು. ಮೂರು ಜನ ಬಂದು ರೇಟ್ ಹೇಳಿದ್ರು, ಮೂರೂ ಮೆಟೀರಿಯಲ್ ಬಾಡಿಗೆ, ಕೂಲಿ ಎಲ್ಲಾ ಸೇರಿ. ಒಬ್ರು ಕಬ್ಬಿಣದ ಶೀಟು, ಕೆಳಗೆ ನೀಲಗಿರಿ ಕಂಬ, ಸ್ಕ್ವೇರ್ ಫೀಟಿಗೆ 38. ಇನ್ನೊಬ್ರು ಅದೇ ಶೀಟು ಆದ್ರೆ ಕಂಬದ ಬದ್ಲು ಕಬ್ಬಿಣದ ಜಾಕಿ, 45. ಮೂರನೆಯವರು ಜಾಕಿ ಮೇಲೆ 12 ಎಂಎಂ ಫಿಲ್ಮ್ ಫೇಸ್ ಪ್ಲೈವುಡ್ (ಮೇಲೆ ನುಣ್ಣನೆ ಫಿಲ್ಮ್ ಅಂಟಿಸಿದ್ದು), 58. ನಾನು ಕ್ಯಾಲ್ಕುಲೇಟರ್ ಒತ್ತಿದೆ, 900 ಇಂಟು 38 ಅಂದ್ರೆ 34,200, 900 ಇಂಟು 58 ಅಂದ್ರೆ 52,200, ಹದಿನೆಂಟು ಸಾವಿರ ಸುಮ್ನೆ ಯಾಕೆ ಕೊಡ್ಲಿ ಅಂತ 38ರವ್ರಿಗೆ ಅಡ್ವಾನ್ಸ್ ಕೊಟ್ಟುಬಿಟ್ಟೆ. ನಮ್ಮ ಮಾವ ಮಾತ್ರ "ಕಂಬ ಬೇಡ ಕಣಪ್ಪ, ಏಳು ರೂಪಾಯಿ ಜಾಸ್ತಿ ಕೊಟ್ಟು ಜಾಕಿನಾದ್ರೂ ಹಾಕ್ಸು" ಅಂದ್ರು. ಮಾವ ಎಲ್ಲದಕ್ಕೂ ಬೇಡ ಅಂತಾರೆ, ಅದಕ್ಕೆ ಕೇಳ್ಲಿಲ್ಲ.

ಆಮೇಲೆ ಲೆಕ್ಕ ಹಾಕಿ ನೋಡಿದೆ. 5 ಇಂಚಿನ ಮೋಲ್ಡು, 900 ಸ್ಕ್ವೇರ್ ಫೀಟು ಅಂದ್ರೆ ಹತ್ತೂವರೆ ಕ್ಯೂಬಿಕ್ ಮೀಟರ್ ಹತ್ರ ಕಾಂಕ್ರೀಟು, ಕಬ್ಬಿಣ ಸೇರಿ ಒಂದು ಕ್ಯೂಬಿಕ್ ಮೀಟರ್‌ಗೆ 2,500 ಕೆಜಿ ಹಿಡಿದ್ರೂ 26 ಟನ್. ಹತ್ತು ಚಕ್ರದ ಟಿಪ್ಪರ್ ಲೋಡ್ ತುಂಬ್ಕೊಂಡು ನಿಂತ್ರೆ ಹೆಚ್ಚು ಕಮ್ಮಿ ಅಷ್ಟು ತೂಕ ಇರುತ್ತೆ. ಆ ಟಿಪ್ಪರನ್ನ ಗಟ್ಟಿಯಾಗೋವರೆಗೆ ಎತ್ತಿ ಹಿಡ್ಕೊಂಡಿರೋದು ಈ ಕಂಬಗಳು! ಮೂರೂವರೆ ಅಡಿಗೊಂದು ಅಂತ ನಿಲ್ಸಿದ್ರೆ 75ರ ಹತ್ರ ಬರುತ್ತೆ, ಒಂದೊಂದರ ತಲೆ ಮೇಲೆ ಸರಾಸರಿ 350 ಕೆಜಿ, ಅದರ ಮೇಲೆ ಕೆಲಸದವ್ರು ಓಡಾಡೋದು ಬೇರೆ.

ನಮ್ಮ ಕಂಬಗಳು ಒಂದು ಉದ್ದ ಒಂದು ಗಿಡ್ಡ. ಗಿಡ್ಡ ಇರೋದಕ್ಕೆ ಕೆಳಗೆ ಇಟ್ಟಿಗೆ ಪೇರಿಸಿದ್ರು, ಸಂದು ಇದ್ದ ಕಡೆ ಬೆಣೆ ಹೊಡೆದ್ರು. ಜಾಕಿ ಆದ್ರೆ ತಿರುಗ್ಸಿ ಎಷ್ಟು ಬೇಕೋ ಅಷ್ಟು ಎತ್ಕೋಬೋದು, ಕಂಬಕ್ಕೆ ಅದೆಲ್ಲಿ. ಇಟ್ಟಿಗೆ ಕೂತಿದ್ದು ಪಾಯದೊಳಗೆ ತುಂಬಿದ ಮಣ್ಣಿನ ಮೇಲೆ, ಅಡಿಗೆ ಒಂದು ಹಲಗೆನೂ ಇಲ್ಲ. ಕಾಂಕ್ರೀಟ್ ಮುಗಿದಾಗ ಸಾಯಂಕಾಲ 5 ಗಂಟೆ, ಎಲ್ರಿಗೂ ಊಟ ಹಾಕಿ ಕಳಿಸಿದ್ವಿ, 6 ಗಂಟೆಗೆ ಮಳೆ ಹಿಡ್ಕೊಳ್ತು. ಮೇಲೆ ಟಾರ್ಪಾಲ್ ಮುಚ್ಚೋ ಗಲಾಟೆಯಲ್ಲಿ ಕೆಳಗೆ ಬಾಗಿಲಿಂದ ನೀರು ಒಳಗೆ ನುಗ್ಗಿ ಹಾಲ್‌ನಲ್ಲಿ ನಿಂತಿದ್ದು ಯಾರೂ ನೋಡ್ಲಿಲ್ಲ. ಶೀಟ್ ಬಿಚ್ಚಿದ ದಿನ ಹಾಲ್ ನಡುವೆ ದಾರ ಎಳೆದು ನೋಡಿದ್ರೆ ಮುಕ್ಕಾಲು ಇಂಚು ಕೆಳಕ್ಕೆ ಹೊಟ್ಟೆ ಬಂದಿತ್ತು, ಮಣ್ಣು ನೆನೆದು ಕಂಬ ಕೂತಿತ್ತು. ಇಂಜಿನಿಯರ್ ಬಂದು ಗಟ್ಟಿಗೇನೂ ತೊಂದ್ರೆ ಇಲ್ಲ ಅಂದ್ರು. ಆದ್ರೆ ನಮ್ಮನೇಗೆ ಬಂದವ್ರಲ್ಲಿ ಯಾರಾದ್ರೂ ಒಬ್ರು ಮೇಲೆ ನೋಡೇ ನೋಡ್ತಾರೆ.

ಖರ್ಚು ಅಲ್ಲಿಗೆ ಮುಗಿಯಲ್ಲ. ಶೀಟ್‌ಗಳು ಎಷ್ಟು ಮನೆ ನೋಡಿದ್ವೋ ಏನೋ, ಮೂಲೆ ಎಲ್ಲಾ ಬಗ್ಗಿ, ತಗ್ಗು ಬಿದ್ದು, ಸೀಲಿಂಗ್ ತುಂಬಾ 3ಕ್ಕೆ 2 ಅಡಿ ಚೌಕ ಚೌಕ, ಒಂದು ಮೇಲೆ ಒಂದು ಕೆಳಗೆ. ಪ್ಲಾಸ್ಟರ್ ಮಾಡದೆ ಗತಿ ಇಲ್ಲ. ಕಬ್ಬಿಣದ ಶೀಟು ಮುಟ್ಟಿದ ಜಾಗ ನುಣ್ಣಗಿರುತ್ತೆ, ಗಾರೆ ಹಿಡಿಯಲ್ಲ, ಅದಕ್ಕೆ ಮೊದಲು ಪೂರ್ತಿ ಕಚ್ಚು ಹಾಕಿ ಒರಟು ಮಾಡ್ಬೇಕು, ಆಮೇಲೆ ಗಾರೆ. ಗೋಡೆ ಜಾಗ ಬಿಟ್ಟು 780 ಸ್ಕ್ವೇರ್ ಫೀಟು, 35 ರೂಪಾಯಿಯಂತೆ 27,300. ಅಂದ್ರೆ ನನ್ನ 34,200ರ ಸೆಂಟ್ರಿಂಗು 61,500 ಆಯ್ತು. ಹೊಟ್ಟೆ ಮುಚ್ಚೋಕೆ ಅಕ್ಕಪಕ್ಕ ದಪ್ಪ ಬಳಿದಿದ್ದರ ಸಿಮೆಂಟ್ ಇದರಲ್ಲಿ ಸೇರಿಲ್ಲ.

ಫಸ್ಟ್ ಫ್ಲೋರ್ ಬಂದಾಗ ಬುದ್ಧಿ ಬಂದಿತ್ತು. ಆದ್ರೆ ಬುದ್ಧಿ ಜಾಸ್ತಿ ಆಗಿ ಪ್ಲೈವುಡ್ ನಾನೇ ತಗೊಂಡ್ಬಿಟ್ರೆ ಹೇಗೆ ಅಂತ ಅಂಗಡಿಗೆ ಹೋದೆ. ಸ್ಕ್ವೇರ್ ಫೀಟಿಗೆ 55 ಅಂದ್ರು, 8ಕ್ಕೆ 4 ಅಡಿ ಒಂದು ಶೀಟು 1,760, ವೇಸ್ಟೇಜ್ ಸೇರಿ 34 ಶೀಟು ಬೇಕು, 59,840. ಒಂದೇ ಮೋಲ್ಡ್ ಹಾಕಿ ಗೋಡೆಗೆ ಒರಗಿಸಿಟ್ರೆ ಬರೀ ಪ್ಲೈಗೇ ಸ್ಕ್ವೇರ್ ಫೀಟಿಗೆ 66 ಬಿತ್ತು. ಅದೇ ಹತ್ತು ಮೋಲ್ಡಿಗೆ ಓಡಿಸಿದ್ರೆ 6 ರೂಪಾಯಿ ಚಿಲ್ಲರೆ. ಸೆಂಟ್ರಿಂಗ್ ವ್ಯವಹಾರ ಪೂರ್ತಿ ನಿಂತಿರೋದು ಈ ಭಾಗಾಕಾರದ ಮೇಲೆ: ಸಾಮಾನಿನ ರೇಟ್ ಎಷ್ಟು ಅನ್ನೋದಕ್ಕಿಂತ ಎಷ್ಟು ಸಲ ಓಡುತ್ತೆ ಅನ್ನೋದು. ಒಂದು ಮನೆ ಕಟ್ಟೋರಿಗೆ ಬಾಡಿಗೆನೇ ಸರಿ. ಬೆಂಗಳೂರಲ್ಲಿರೋ ನಮ್ಮ ಭಾವ "ನಮ್ಮ ಅಪಾರ್ಟ್‌ಮೆಂಟಿಗೆ ಅಲ್ಯೂಮಿನಿಯಂ ಮೈವಾನ್ ಹಾಕಿದ್ರು, ಗೋಡೆನೂ ಸ್ಲ್ಯಾಬೂ ಒಟ್ಟಿಗೆ, ನೀವೂ ಅದನ್ನೇ ಕೇಳಿ" ಅಂದ್ರು. ಅದು ನೂರಕ್ಕಿಂತ ಜಾಸ್ತಿ ಸಲ ಓಡೋ ಅಲ್ಯೂಮಿನಿಯಂ ಅಚ್ಚು, ಪ್ಲ್ಯಾನಿಗೆ ತಕ್ಕಂಗೆ ಅಳತೆ ಕೊಟ್ಟು ಮಾಡ್ಸಿ ಒಂದೇ ಥರದ ಫ್ಲೋರು ಮೇಲಿಂದ ಮೇಲೆ ಹಾಕೋರಿಗೆ ಗಿಟ್ಟುತ್ತೆ, 30-40ಗೆ ಅದು ಇಲಿ ಹಿಡಿಯೋಕೆ ಆನೆ ತಂದಂಗೆ.

ಸೋ 58ರವ್ರಿಗೇ ಕೊಟ್ಟೆ. ಈ ಸಲ ಗೋಡೌನಿಗೆ ಹೋಗಿ ಪ್ಲೈ ನೋಡ್ದೆ, ಇದು ಮಾತ್ರ ಎಲ್ರೂ ಮಾಡ್ಬೇಕು. ಮೇಲಿನ ಕಂದು ಫಿಲ್ಮ್ ಎದ್ದಿದೆಯಾ, ಅಂಚು ನೀರು ಕುಡಿದು ಊದಿದೆಯಾ ಅಷ್ಟು ನೋಡಿದ್ರೆ ಸಾಕು. ಹಪ್ಪಳ ಆಗಿರೋ ಪ್ಲೈಗೆ 58 ಕೊಡೋದಕ್ಕಿಂತ ಒಳ್ಳೆ ಶೀಟಿಗೆ 45 ಕೊಡೋದು ವಾಸಿ, ಸೀಲಿಂಗ್ ಪ್ಲಾಸ್ಟರ್ ಮಾಡ್ಸೇ ಮಾಡ್ಸ್ತೀನಿ ಅನ್ನೋರು, ಇಲ್ಲಾ ಕೆಳಗೆ ಜಿಪ್ಸಮ್ ಸೀಲಿಂಗ್ ಹಾಕ್ಸೋರು ಪ್ಲೈಗೆ ದುಡ್ಡು ಸುರಿಯೋದೇ ವೇಸ್ಟು. ಪ್ಲೈ ಲಾಭ ಇರೋದೇ ಪ್ಲಾಸ್ಟರ್ ಬಿಟ್ಟು ನೇರ ಪುಟ್ಟಿ ಹೊಡೀತೀನಿ ಅನ್ನೋರಿಗೆ.

ಕಾಂಕ್ರೀಟ್ ಹಿಂದಿನ ದಿನ ಸಾಯಂಕಾಲ, ಕೆಲಸದವ್ರೆಲ್ಲ ಹೋದ್ಮೇಲೆ, ನಾನೂ ಮಾವನೂ ಸೆಂಟ್ರಿಂಗ್ ಕೆಳಗೆ ಹೋದ್ವಿ. ಒಳಗೆ ಕತ್ತಲೆ, ಮೇಲೆ ಇನ್ನೂ ಬೆಳಕಿತ್ತು. ತಲೆ ಎತ್ತಿ ನೋಡಿದ್ರೆ ಜಾಯಿಂಟಲ್ಲಿ ಎಲ್ಲೆಲ್ಲಿ ಸಂದು ಇದೆಯೋ ಅಲ್ಲೆಲ್ಲಾ ಬೆಳ್ಳನೆ ಗೆರೆ. ಬೆಳಕು ಇಳಿಯೋ ಕಡೆ ಸಿಮೆಂಟ್ ಹಾಲೂ ಇಳಿಯುತ್ತೆ, ಹಾಲು ಇಳಿದು ಹೋದ್ರೆ ಅಲ್ಲಿ ಬರೀ ಜಲ್ಲಿ ಜೇನುಗೂಡು ಥರ ಕಾಣುತ್ತೆ. ಏಳು ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ವಿ, ಬೆಳಿಗ್ಗೆ ಮೇಸ್ತ್ರಿ ಟೇಪ್ ಹಚ್ಚಿಸಿದ್ರು. ಮಾವ ಒಂದೊಂದು ಜಾಕಿಗೂ ಕಾಲಲ್ಲಿ ಒದ್ಕೊಂಡು ಹೋದ್ರು. ಬಿಗಿ ಇರೋದು ಟಣ್ ಅನ್ನುತ್ತೆ, ಲೂಸ್ ಇರೋದು ಲೊಡ ಲೊಡ. ಮೂರು ಲೊಡ ಲೊಡ ಸಿಕ್ಕಿದ್ವು, ಮಾವ ನನ್ನ ಮುಖ ನೋಡಿದ್ರು, ಏನೂ ಹೇಳ್ಲಿಲ್ಲ.

ಇನ್ನೊಂದು ವಿಷಯ ಬಿಚ್ಚೋ ದಿನದ್ದು. ಕೆಳಗಿನ ಮೋಲ್ಡಲ್ಲಿ 8ನೇ ದಿನಕ್ಕೇ ಬಂದು "ಸಾರ್ ಇನ್ನೊಂದು ಸೈಟಿಗೆ ಶೀಟ್ ಬೇಕು, ಬಿಚ್ಚಿಬಿಡ್ತೀವಿ" ಅಂತ ನಿಂತಿದ್ರು. 38 ರೂಪಾಯಿಯ ಗುಟ್ಟು ಗೊತ್ತಾಗಿದ್ದು ಅವತ್ತು, ಅವ್ರ ಹತ್ರ ಇದ್ದಿದ್ದೇ ಒಂದು ಸೆಟ್ಟು, ಅದು ಬೇಗ ಬೇಗ ತಿರುಗಿದ್ರೇನೇ ಅವ್ರಿಗೆ ಆ ರೇಟು ಕಟ್ಟೋದು. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456:2000 ಪ್ರಕಾರ ಸ್ಲ್ಯಾಬ್ ಸ್ಪ್ಯಾನ್ (ಆಧಾರದಿಂದ ಆಧಾರಕ್ಕೆ ಇರೋ ದೂರ) 4.5 ಮೀಟರ್ ಒಳಗಿದ್ರೆ ಜಾಕಿ ಕನಿಷ್ಠ 7 ದಿನ, ಜಾಸ್ತಿ ಇದ್ರೆ 14, ಬೀಮ್ ಕೆಳಗಿಂದು 6 ಮೀಟರ್‌ವರೆಗೆ 14, ಅದಕ್ಕಿಂತ ಉದ್ದಕ್ಕೆ 21. ಅದೂ ಒಪಿಸಿ ಅಂದ್ರೆ ಮಾಮೂಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ನಾವೆಲ್ಲಾ ತರೋ ಪಿಪಿಸಿ (ಹಾರುಬೂದಿ ಬೆರೆಸಿದ್ದು) ನಿಧಾನಕ್ಕೆ ಗಟ್ಟಿ ಆಗೋದ್ರಿಂದ ಇನ್ನೂ ಸ್ವಲ್ಪ ದಿನ ಬಿಡ್ಬೇಕು. ನಮ್ಮ ಹಾಲು 16 ಅಡಿ, 4.5 ಮೀಟರ್ ದಾಟುತ್ತೆ. ಜಗಳ ಆಡಿ ರೂಮಿಂದು ಬಿಚ್ಚಿಸಿ ಹಾಲಿಂದು ನಿಲ್ಸಿದೆ, ಅದಕ್ಕೆ ದಿನದ ಬಾಡಿಗೆ ಎಕ್ಸ್‌ಟ್ರಾ ಕಿತ್ಕೊಂಡ್ರು. ಎರಡನೇ ಸಲ ಮಾತಾಡೋವಾಗ್ಲೇ 18 ದಿನ ಅಂತ ಬರೆಸ್ಕೊಂಡೆ, ಮಳೆ ಬಂದು ಕಾಂಕ್ರೀಟ್ ಮುಂದಕ್ಕೆ ಹೋದ್ರೆ ಆ ದಿನ ಲೆಕ್ಕಕ್ಕಿಲ್ಲ ಅಂತಾನೂ. ಬೀಮ್ ಸೈಡು, ಸಜ್ಜಾ ಅಳತೆ ಇದೇ ರೇಟಾ, ಬೇರೆನಾ ಅದನ್ನೂ ಅವಾಗ್ಲೇ ಕೇಳ್ಕೊಳಿ, ಬಿಲ್ ಬರೋವಾಗ ಜಗಳ ಆಗೋದು ಅಲ್ಲೇ. ಇನ್ನು ಕಾಂಕ್ರೀಟ್ ಅಂಟದಂಗೆ ಬಳಿಯೋ ಶಟರಿಂಗ್ ಆಯಿಲ್ ಬದ್ಲು ಗ್ಯಾರೇಜಿನ ಹಳೇ ಇಂಜಿನ್ ಆಯಿಲ್ ಬಳಿಯೋಕೆ ಬಂದ್ರೆ ಬಿಡ್ಬೇಡಿ, ಸೀಲಿಂಗ್ ಮೇಲೆ ಕಪ್ಪು ಕಲೆ ಕೂರುತ್ತೆ.

ಮೇಲಿನ ಮೋಲ್ಡಿಗೆ 52,200, ಜಾಯಿಂಟ್ ಗೆರೆ ಗ್ರೈಂಡಿಂಗ್ ಮಾಡಿದ್ದಕ್ಕೆ 3,000, ಒಟ್ಟು 55,200. ಕೆಳಗಿಂದಕ್ಕಿಂತ 6,300 ಕಮ್ಮಿ. ಜೊತೆಗೆ ಪ್ಲಾಸ್ಟರ್‌ನವ್ರಿಗೆ ಕಾಯೋ ತಾಪತ್ರಯನೂ ಇಲ್ಲ.

18ನೇ ದಿನ ಪ್ಲೈ ಇಳಿಸಿದಾಗ ಸೀಲಿಂಗ್ ಕನ್ನಡಿ ಥರ ಇತ್ತು. ರೂಮಿನ ಒಂದು ಮೂಲೇಲಿ ಮಾತ್ರ ಏನೋ ಗೀಚಿದಂಗೆ ಕಾಣ್ತು, ಟಾರ್ಚ್ ಹಾಕಿ ನೋಡಿದ್ರೆ ಯಾರೋ ಬಡಗಿ ಹಿಂದಿನ ಯಾವುದೋ ಸೈಟಲ್ಲಿ ಪ್ಲೈ ಮೇಲೆ ಪೆನ್ಸಿಲಲ್ಲಿ ಬರೆದ ಅಳತೆ, ಕಾಂಕ್ರೀಟಿಗೆ ಉಲ್ಟಾ ಇಳಿದಿದೆ. ಪುಟ್ಟಿಯವ್ರು ಬರೋವರೆಗೂ ನನ್ನ ಮಗಳು ದಿನಾ ಕೆಳಗೆ ಕನ್ನಡಿ ಹಿಡ್ಕೊಂಡು ಅದನ್ನ ಓದ್ತಿದ್ಲು, "ಏಳು ಅಡಿ ನಾಲ್ಕು ಇಂಚು" ಅಂತ.